ತಾಳು ಅಲ್ಲ, ತೊಲ: ಸ್ಕಾಟ್ಸ್ ಕ್ರಿಯಾಪದವೊಂದರ ವಂಶಾವಳಿ

ಸ್ಕಾಟ್ಲೆಂಡಿನ ಹಳೆಯ ಗಾದೆಗಳಲ್ಲಿ ‘ಹೀ ದಟ್ ಥೋಲ್ಸ್, ಓವರ್‌ಕಮ್ಸ್’ ಎಂಬುದೊಂದಿದೆ. ನಮ್ಮ ‘ತಾಳಿದವನು ಬಾಳಿಯಾನು’ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಥೋಲ್ ಅಂದರೆ ತಾಳು, ಸಹಿಸು, ಬಂದದ್ದನ್ನು ಅನುಭವಿಸು. ತಾಳು, ಥೋಲ್: ಮೊದಲ ಸದ್ದು ಹತ್ತಿರ, ಕೊನೆಯ ಸದ್ದು ಹತ್ತಿರ, ಅರ್ಥವಂತೂ ಒಂದೇ. ಇಷ್ಟು ಸಿಕ್ಕರೆ ಎರಡನ್ನೂ ಒಂದೇ ಬೇರಿಗೆ ಗಂಟುಹಾಕಿಬಿಡುವ ಉತ್ಸಾಹಿಗಳು ಎಲ್ಲ ಭಾಷೆಗಳಲ್ಲೂ ಇದ್ದಾರೆ. ಆದರೆ ಇವೆರಡಕ್ಕೆ ನಂಟಿಲ್ಲ. ಥೋಲ್‌ನ ನಿಜವಾದ ನೆಂಟ ಕನ್ನಡದಲ್ಲಿ ಇರುವುದು ಚಿನ್ನದಂಗಡಿಯ ತಕ್ಕಡಿಯ ಬಳಿ.

ಮೊದಲು ಬಳಕೆ ನೋಡೋಣ. ಸ್ಕಾಟ್ಸ್ ಮಾತಿನಲ್ಲಿ ಈ ಪದ ಹೆಚ್ಚಾಗಿ ಕಿವಿಗೆ ಬೀಳುವುದು ನಿಷೇಧದ ಜೊತೆ. ‘ಐ ಕಾನಾ ಥೋಲ್ ಹಿಮ್’ ಎಂದರೆ ‘ಅವನನ್ನು ಕಂಡರೇ ನನಗಾಗದು’. ನೋವು, ಚಳಿ, ಗದ್ದಲ, ಕಾಟ ಕೊಡುವ ನೆರೆಯವರು, ಎಲ್ಲಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ‘ಥ’ ಎಂದು ಬರೆದರೂ ಉಚ್ಚಾರ ನಮ್ಮ ಮಹಾಪ್ರಾಣದ್ದಲ್ಲ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು, ಉಸಿರನ್ನು ತಡೆಯದೆ ಬಿಡಬೇಕು.

1785ರಲ್ಲಿ ಕವಿ ರಾಬರ್ಟ್ ಬರ್ನ್ಸ್ ನೇಗಿಲಿಗೆ ಸಿಕ್ಕು ಗೂಡು ಕಳೆದುಕೊಂಡ ಇಲಿಯ ಮೇಲೆ ಬರೆದ ಪದ್ಯದಲ್ಲಿ ಈ ಪದ ಬರುತ್ತದೆ. ಒಣ ಎಲೆ, ಕೂಳೆ ಕೂಡಿಸಿ ಕಟ್ಟಿದ ಮನೆ ಚೂರಾಗಿದೆ. ಇನ್ನು ಆ ಇಲಿ ಚಳಿಗಾಲದ ಹಿಮ ಬೆರೆತ ಜಿನುಗುಮಳೆಯನ್ನು ‘ಥೋಲ್’ ಮಾಡಬೇಕು. ಇಲಿಗೆ ಇಲ್ಲಿ ಆಯ್ಕೆಯೇ ಇಲ್ಲ. ಇದು ವ್ರತ ಹಿಡಿದು ತೋರುವ ಸಹನೆಯಲ್ಲ. ಪದದ ನಿಜವಾದ ರುಚಿ ಅದೇ.

ಇದು ಸ್ಕಾಟರೇ ಹುಟ್ಟಿಸಿದ ಪದವೇನಲ್ಲ, ಒಂದು ಕಾಲಕ್ಕೆ ಇಂಗ್ಲೆಂಡಿನ ಉದ್ದಗಲಕ್ಕೂ ಇತ್ತು. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಥೊಲಿಯನ್’. ಆಗ ಇದಕ್ಕೆ ಕಳೆದುಕೊಳ್ಳು, ದಂಡವಾಗಿ ತೆರು ಎಂಬ ಅರ್ಥವೂ ಇತ್ತು. ಏಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ದೊರೆ ಇನೆ ಮಾಡಿದ ಕಟ್ಟಳೆಯೊಂದರ ಪ್ರಕಾರ, ಒಡೆಯನ ಅಪ್ಪಣೆಯಿಲ್ಲದೆ ಭಾನುವಾರ ದುಡಿದ ಸ್ವತಂತ್ರ ಮನುಷ್ಯ ತನ್ನ ಸ್ವಾತಂತ್ರ್ಯವನ್ನೇ ‘ಥೊಲಿಯನ್’ ಮಾಡಬೇಕು. ಸ್ವಾತಂತ್ರ್ಯವನ್ನು ಸಹಿಸು ಎಂದು ಓದಿಕೊಂಡರೆ ವಾಕ್ಯ ತಲೆಕೆಳಗಾಗುತ್ತದೆ. ಅಲ್ಲಿ ಪದದ ಮುಂದಿನ ನಾಮಪದ ಷಷ್ಠಿ ವಿಭಕ್ತಿಯಲ್ಲಿದೆ, ಆದ್ದರಿಂದ ಅರ್ಥ ‘ಕಳೆದುಕೊಳ್ಳಬೇಕು’ ಎಂದು. ಹಳೆಯ ಪಠ್ಯಗಳನ್ನು ಅನುವಾದಿಸುವವರು ಎಡವುವುದು ಇಂಥ ಕಡೆ.

ಹದಿನಾಲ್ಕನೆಯ ಶತಮಾನದ ಕೊನೆಗೂ ಲಂಡನ್ನಿನಲ್ಲಿ ಪದ ಜೀವಂತವಾಗಿತ್ತು. ಅಂದಿನ ಇಂಗ್ಲಿಷ್ ಕವಿ ಚಾಸರನ ಕಥೆಯೊಂದರಲ್ಲಿ ಕೆಸರಿನಲ್ಲಿ ಗಾಡಿ ಹೂತುಹೋದ ಗಾಡಿಯವನು ಕುದುರೆಗಳಿಗೆ ಹಿಡಿಶಾಪ ಹಾಕುತ್ತಾ, ನಿಮ್ಮಿಂದ ನಾನೆಷ್ಟು ಪಾಡು ‘ಥೋಲ್’ ಮಾಡಿದ್ದೇನೆ ಎನ್ನುತ್ತಾನೆ. ಅಷ್ಟು ಹೊತ್ತಿಗೆ ಫ್ರೆಂಚಿನಿಂದ ಬಂದ ‘ಸಫರ್’ ಬಳಕೆಗೆ ಬಿದ್ದಾಗಿತ್ತು, ‘ಎಂಡ್ಯೂರ್’ ಕೂಡ ಬಂದಿತ್ತು. ದಕ್ಷಿಣದಲ್ಲಿ ಇವು ಥೋಲ್ ಅನ್ನು ಮೂಲೆಗೆ ತಳ್ಳಿದವು. ಉತ್ತರದಲ್ಲಿ ಅದು ಉಳಿಯಿತು. ವೈಕಿಂಗರ ನಾರ್ಸ್ ಭಾಷೆಯಲ್ಲೂ ‘ಥೊಲ’ ಎಂಬ ಅದೇ ಪದವಿದ್ದದ್ದು ಅಲ್ಲಿ ಅದಕ್ಕೆ ಬಲ ಕೊಟ್ಟಿರಬೇಕು. ಹದಿನೇಳನೆಯ ಶತಮಾನದಲ್ಲಿ ಸ್ಕಾಟ್ ವಲಸಿಗರ ಜೊತೆ ಪದ ಐರ್ಲೆಂಡಿನ ಅಲ್‌ಸ್ಟರಿಗೂ ದಾಟಿತು. 1999ರಲ್ಲಿ ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದ ಅನುವಾದ ಪ್ರಕಟಿಸಿದ ಐರಿಷ್ ಕವಿ ಷೇಮಸ್ ಹೀನಿ, ಆ ಪ್ರಾಚೀನ ಕಾವ್ಯದ ಪದಕೋಶದಲ್ಲಿ ತಮ್ಮ ಮನೆಯ ಹಿರಿಯರ ಬಾಯಲ್ಲಿದ್ದ ಥೋಲ್ ಕಂಡದ್ದನ್ನು ಮುನ್ನುಡಿಯಲ್ಲಿ ಬರೆದಿದ್ದಾರೆ.

ಈಗ ನಂಟಸ್ತಿಕೆಯ ವಿಚಾರ. ಎರಡು ಪದಗಳು ಸಂಬಂಧಿಕರೇ ಎಂದು ಪರೀಕ್ಷಿಸುವಾಗ ಇಂದಿನ ರೂಪಗಳನ್ನು ಪಕ್ಕಪಕ್ಕ ಇಡುವುದು ಮೊದಲ ತಪ್ಪು. ಸಿಗುವಷ್ಟು ಹಳೆಯ ರೂಪಗಳಿಗೆ ಹೋಗಬೇಕು: ಹಳೆಯ ಇಂಗ್ಲಿಷಿನ ಥೊಲಿಯನ್, ನಾರ್ಸಿನ ಥೊಲ, ನಾಲ್ಕನೆಯ ಶತಮಾನದ ಗಾಥಿಕ್ ಬೈಬಲಿನ ಥುಲನ್. ಆಮೇಲೆ ಧ್ವನಿ ನಿಯಮ. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್‌ಗಳಿಗೆಲ್ಲ ಮೂಲವಾದ ಇಂಡೋ-ಯುರೋಪಿಯನ್ ಮೂಲಭಾಷೆಯ ಪದಾದಿಯ ‘ತ’, ಇಂಗ್ಲಿಷ್, ನಾರ್ಸ್, ಗಾಥಿಕ್‌ಗಳು ಸೇರಿದ ಜರ್ಮಾನಿಕ್ ಶಾಖೆಯಲ್ಲಿ ಆ ಉಸಿರಿನ ‘ಥ’ ಆಗುತ್ತದೆ ಎಂಬುದನ್ನು 1822ರಲ್ಲಿ ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ ನಿಯಮವಾಗಿ ವಿವರಿಸಿದ. ಸಂಸ್ಕೃತದಲ್ಲಿ ಆ ‘ತ’ ಹಾಗೇ ಉಳಿದಿದೆ. ತ್ರಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಥ್ರೀ, ತನು ಎಂಬುದಕ್ಕೆ ಥಿನ್, ತೃಷೆಗೆ ಥರ್ಸ್ಟ್.

ಈ ಲೆಕ್ಕದಲ್ಲಿ ‘ಥೊಲ್’ಗೆ ಸರಿಹೊಂದುವ ನೆಂಟರನ್ನು ಉಳಿದ ಶಾಖೆಗಳಲ್ಲಿ ತ ಮತ್ತು ಲ ಇರುವ ಪದಗಳ ನಡುವೆ ಹುಡುಕಬೇಕು. ಸಿಗುತ್ತವೆ ಕೂಡ. ಲ್ಯಾಟಿನ್ನಿನ ‘ತುಲಿ’ ಅಂದರೆ ಹೊತ್ತೆ, ‘ತೊಲೆರಾರೆ’ ಅಂದರೆ ಸಹಿಸುವುದು. ಗ್ರೀಕಿನ ‘ತಾಲಂತೋನ್’ ಅಂದರೆ ತಕ್ಕಡಿ, ತೂಕ. ಸಂಸ್ಕೃತದಲ್ಲಿ ‘ತುಲಾ’. ಮೂಲ ಧಾತುವಿನ ಅರ್ಥ ಎತ್ತು, ಹೊರು ಎಂದು. ತಕ್ಕಡಿ ಭಾರವನ್ನು ಎತ್ತುತ್ತದೆ, ಮನುಷ್ಯ ಕಷ್ಟವನ್ನು ಹೊರುತ್ತಾನೆ. ನಮ್ಮ ತುಲಾಭಾರ, ತುಲನೆ, ಚಿನಿವಾರರು ಇಂದಿಗೂ ಹೇಳುವ ತೊಲ (11.66 ಗ್ರಾಂ), ಎಲ್ಲವೂ ಆ ಸಂಸ್ಕೃತ ಪದದ ದಾರಿಯಲ್ಲೇ ಕನ್ನಡಕ್ಕೆ ಬಂದವು. ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷರು ಲ್ಯಾಟಿನ್ನಿನಿಂದ ‘ಟಾಲರೇಟ್’ ತಂದುಕೊಂಡರು. ಮನೆಯಲ್ಲಿದ್ದ ಥೋಲ್ ಅನ್ನು ಮರೆತು ಅದರ ದಾಯಾದಿಯನ್ನು ಕರೆತಂದರು ಎನ್ನಬೇಕು.

ತಾಳು ಏಕೆ ಈ ಕುಟುಂಬಕ್ಕೆ ಸೇರದು? ಅದು ಸಂಸ್ಕೃತದಿಂದ ಬಂದದ್ದಲ್ಲ, ದ್ರಾವಿಡ ಪದ. ತಮಿಳು, ತೆಲುಗುಗಳಲ್ಲೂ ‘ತಾಳು’ ಎಂಬ ಪದವೇ ಇದೆ. ಒಂದು ಜೋಡಿ ಹೊಂದಿದರೆ ಅದು ಕಾಕತಾಳೀಯ. ಸಂಬಂಧ ಸಾಧಿಸಲು ತ್ರಿ–ಥ್ರೀ, ತೃಷೆ–ಥರ್ಸ್ಟ್‌ನಂಥ ಜೋಡಿಗಳು ಸಾಲುಸಾಲಾಗಿ ಸಿಗಬೇಕು. ಕನ್ನಡದ ಮೂರು, ನೀರಡಿಕೆ ಆ ಸಾಲಿನಲ್ಲಿ ಕೂರುವುದಿಲ್ಲ. ತೂಕ, ತೂಗು ಕೂಡ ದ್ರಾವಿಡವೇ. ತುಲೆಯ ಅರ್ಥಕ್ಕೆ ಹತ್ತಿರವಿದ್ದ ಮಾತ್ರಕ್ಕೆ ನೆಂಟರಾಗುವುದಿಲ್ಲ. ಇಂಗ್ಲಿಷಿನಲ್ಲೇ ಇನ್ನೊಂದು ಥೋಲ್ ಇದೆ, ಹುಟ್ಟು ಸರಿಯದಂತೆ ದೋಣಿಯ ಅಂಚಿಗೆ ನೆಟ್ಟ ಗೂಟ. ಕಾಗುಣಿತ ಒಂದೇ ಆದರೂ ಅದು ನಾಮಪದ, ಅದರ ಮೂಲವೂ ಬೇರೆ.

ಸ್ಕಾಟ್ಲೆಂಡಿನ ಕೋರ್ಟುಗಳಲ್ಲಿ ಈ ಕ್ರಿಯಾಪದಕ್ಕೆ ಇಂದಿಗೂ ಕೆಲಸವಿದೆ. ಒಂದು ಅಪರಾಧಕ್ಕಾಗಿ ವಿಚಾರಣೆ ನಡೆದು ತೀರ್ಪು ಬಂದ ಆರೋಪಿ ‘ಥೋಲ್ಡ್ ಹಿಸ್ ಅಸೈಜ್’, ಅಂದರೆ ವಿಚಾರಣೆಯನ್ನು ಒಮ್ಮೆ ಅನುಭವಿಸಿದವನು. ಅದೇ ಅಪರಾಧಕ್ಕೆ ಮತ್ತೆ ಕಟಕಟೆಗೆ ಏರಿಸಿದರೆ ಅವನು ಈ ತಕರಾರನ್ನು ಮೊದಲೇ ಎತ್ತಬಹುದು. 2011ರ ಕಾಯ್ದೆ ಈ ನಿಯಮವನ್ನು ಉಳಿಸಿಕೊಂಡೇ ಕೆಲವು ವಿನಾಯಿತಿ ತೆರೆಯಿತು: ಹಿಂದಿನ ವಿಚಾರಣೆಯೇ ಕೆಟ್ಟಿದ್ದರೆ, ಬಿಡುಗಡೆಯಾದವನು ಆಮೇಲೆ ತಪ್ಪೊಪ್ಪಿಕೊಂಡರೆ, ಗಂಭೀರ ಅಪರಾಧದಲ್ಲಿ ಬಲವಾದ ಹೊಸ ಸಾಕ್ಷ್ಯ ದೊರೆತರೆ. 1977ರಲ್ಲಿ ನಡೆದ ಇಬ್ಬರು ಯುವತಿಯರ ಕೊಲೆ ಪ್ರಕರಣದಲ್ಲಿ 2007ರಲ್ಲಿ ಖುಲಾಸೆಯಾಗಿದ್ದ ಆಂಗಸ್ ಸಿಂಕ್ಲೇರನಿಗೆ 2014ರಲ್ಲಿ ಶಿಕ್ಷೆಯಾದದ್ದು ಈ ಕಾಯ್ದೆಯಡಿಯ ಮರುವಿಚಾರಣೆಯಲ್ಲಿ.

ಪದದ ಅತ್ಯಂತ ಸೊಗಸಾದ ತಿರುವು ಕಾಣುವುದು ಮಾತ್ರ ಸ್ಕಾಟ್ಲೆಂಡಿನಲ್ಲಲ್ಲ, ಅದರ ಕೆಳಗೆ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ಅಲ್ಲಿ ಇದು ‘ಥಾಯ್ಲ್’ ಆಗಿದೆ. ಅಂಗಡಿಯಲ್ಲಿ ಒಳ್ಳೆಯ ಕೋಟು ಕಂಡಿದೆ, ಕಿಸೆಯಲ್ಲಿ ಹಣವೂ ಇದೆ, ಆದರೆ ಅದೊಂದಕ್ಕೆ ಇಷ್ಟೊಂದು ಸುರಿಯಲು ಕೈ ಬರುವುದಿಲ್ಲ. ಆಗ ಯಾರ್ಕ್‌ಷೈರಿನವರು ‘ಐ ಕಾಂಟ್ ಥಾಯ್ಲ್ ಇಟ್’ ಎಂದು ಹೇಳಿ ಕೋಟನ್ನು ಗೂಟಕ್ಕೆ ಮರಳಿ ತೂಗುಹಾಕುತ್ತಾರೆ.