ಡೇರೆ (ಡೇಲಿಯಾ) ಕೊಳ್ಳುವಾಗ ಕುತ್ತಿಗೆ ನೋಡಿ

ಕಳೆದ ಜನವರಿಯಲ್ಲಿ ಪುಣೆಯ ಕೋಥ್ರೂಡಿನಿಂದ ಒಂದು ಫೋನ್ ಬಂತು. ಧಾರವಾಡ ಕಡೆಯ ಅಕ್ಕಾವ್ರು. "ಸರ, ಹೂ ಊಟದ ತಾಟಿನಷ್ಟು ಆಗೇತ್ರಿ. ಆದ್ರ ತಲಿ ಎತ್ತವಲ್ದು. ಒಮ್ಮೆ ಬಂದು ನೋಡ್ರಿ."

ಹೋದೆ. ಮೂರನೇ ಮಹಡಿ, ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ, ಎಂಟು ಇಂಚಿನ ಕುಂಡ. ಅದರಲ್ಲಿ ಒಂದೇ ಒಂದು ಹಳದಿ ಡೇಲಿಯಾ, ಮುಖ ನೆಲಕ್ಕೆ. ಅವರ ಅತ್ತೆ ಚಾಪೆ ಹಾಕಿಕೊಂಡು ಕೆಳಗೆ ಕೂತು ಹೂವನ್ನು ನೋಡುತ್ತಿದ್ದರು. "ಇದ್ರ ಮಾರಿ ನೋಡಬೇಕಂದ್ರ ನಾವ ಬಗ್ಗಬೇಕ್ರಿ" ಎಂದು ನಕ್ಕರು. ಗಿಡಕ್ಕೆ ರೋಗವಿರಲಿಲ್ಲ, ನೀರು ಗೊಬ್ಬರಕ್ಕೂ ಕೊರತೆ ಇರಲಿಲ್ಲ. ತಪ್ಪಾಗಿದ್ದು ಕೊಳ್ಳುವಾಗ. ಅದು ಪ್ರದರ್ಶನಕ್ಕೆ ಬೆಳೆಸುವ ದೈತ್ಯ ಜಾತಿ. ಹೂವೇ ಹತ್ತು ಇಂಚು. ಅಂಥದ್ದಕ್ಕೆ ಹನ್ನೆರಡು ಇಂಚಿನ ಕುಂಡ ಬೇಕು, ಕುತ್ತಿಗೆಯವರೆಗೂ ಆಸರೆ ಕೋಲು ಬೇಕು.

ಪುಣೆಯ ಎಂಪ್ರೆಸ್ ಗಾರ್ಡನ್‌ನಲ್ಲಿ ಜನವರಿ ಕೊನೆಗೆ ಫಲಪುಷ್ಪ ಪ್ರದರ್ಶನ ನಡೆಯುತ್ತದಲ್ವಾ, ಅಲ್ಲಿಗೆ ಹೋದಾಗ ದೊಡ್ಡ ಡೇಲಿಯಾಗಳ ಮುಂದೆ ಸೆಲ್ಫಿ ತೆಗೆಯುವ ಮೊದಲು ಒಮ್ಮೆ ಹಿಂದೆ ಹೋಗಿ ನೋಡಿ. ಹೂವಿನ ಬೆನ್ನಿಗೇ ಕೋಲು ಕಟ್ಟಿರುತ್ತಾರೆ. ತಪ್ಪೇನಿಲ್ಲ, ಪ್ರದರ್ಶನ ಅಂದರೆ ಹಾಗೇ. ಆದರೆ ಜನ ಅದನ್ನು ನೋಡಿ ಮನೆಗೆ ಅದೇ ಬೇಕು ಅನ್ನುತ್ತಾರೆ.

ನಾನು ಸಾಗರದ ಕಡೆಯವನು. ನಮ್ಮಲ್ಲಿ ಇದಕ್ಕೆ ಡೇರೆ ಅಂತಲೇ ಹೆಸರು. ಮಳೆಗಾಲದಲ್ಲಿ ಅಂಗಳದ ಅಂಚಿಗೆಲ್ಲ ಡೇರೆ. ಅಜ್ಜಿ ಯಾರ ಮನೆಗೆ ಹೋದರೂ ಬರುವಾಗ ಸೆರಗಿನಲ್ಲಿ ಒಂದು ಗಡ್ಡೆ ಇರುತ್ತಿತ್ತು. ಪುಣೆಗೆ ಬಂದು ನರ್ಸರಿ ಕೆಲಸ ಹಿಡಿದ ಮೇಲೆ ಗೊತ್ತಾಯಿತು, ಇಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಮಳೆ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ನೆಡಬೇಕು, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೂ. ಇದು ಮೂಲದಲ್ಲಿ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬೆಟ್ಟದ ಗಿಡ. 1963ರಿಂದ ಮೆಕ್ಸಿಕೊದ ರಾಷ್ಟ್ರೀಯ ಹೂವೂ ಹೌದು. ಹಗಲು ಬಿಸಿಲು, ರಾತ್ರಿ ತಂಪು, ಬೇರಿಗೆ ನೀರು ನಿಲ್ಲದ ಜಾಗ. ಇಷ್ಟು ಸಿಕ್ಕರೆ ಅದಕ್ಕೆ ಖುಷಿ. ಪುಣೆಯ ಚಳಿಗಾಲ ಅದಕ್ಕೆ ಹೇಳಿ ಮಾಡಿಸಿದಂತಿದೆ. ಎರೆಮಣ್ಣು ಮಾತ್ರ ಆಗಿಬರುವುದಿಲ್ಲ. ಕುಂಡಕ್ಕೆ ಕೆಂಪು ಮಣ್ಣು, ಕಾಂಪೋಸ್ಟ್, ಸ್ವಲ್ಪ ದಪ್ಪ ಮರಳು ಸಾಕು.

ಈಗ ಆಯ್ಕೆಯ ಮಾತು. ನರ್ಸರಿಗೆ ಬಂದವರು ಮೊದಲು ಕೇಳುವುದು ಬಣ್ಣ, ಆಮೇಲೆ ಸೈಜು. ನಾನು ತಿರುಗಿ ಕೇಳುವುದು ಒಂದೇ: ಹೂವನ್ನು ಗಿಡದಲ್ಲೇ ಬಿಟ್ಟು ನೋಡುತ್ತೀರೋ, ಕೊಯ್ದು ಒಳಗೆ ಇಡುತ್ತೀರೋ? ಎರಡಕ್ಕೂ ಒಂದೇ ಜಾತಿ ಹೊಂದುವುದು ಅಪರೂಪ.

ಕೊಯ್ಯಲು ಬೇಕು ಅಂದರೆ ಹೂವಿನ ಮುಖ ಮರೆತುಬಿಡಿ. ಕುತ್ತಿಗೆ ನೋಡಿ. ತೊಟ್ಟು ಹೂವಿಗೆ ಸೇರುವ ಮೇಲಿನ ಮೂರು ನಾಲ್ಕು ಇಂಚು ಇದೆಯಲ್ಲ, ಅದು. ನರ್ಸರಿಯಲ್ಲಿ ಅರಳಿದ ಗಿಡವಿದ್ದರೆ ಅರ್ಧ ಅಡಿ ಕೆಳಗೆ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹೂ ತೂಗಾಡಿ ಮತ್ತೆ ನೆಟ್ಟಗೆ ನಿಲ್ಲಬೇಕು. ಆಮೇಲೆ ಅಂಗೈಯಲ್ಲಿ ನೀರು ತೆಗೆದು ಹೂವಿನ ಮೇಲೆ ಚಿಮುಕಿಸಿ. ನೀರಿನ ಭಾರಕ್ಕೆ ತಲೆ ಬಾಗಿತೋ, ಆ ಜಾತಿ ಹೂದಾನಿಗೆ ಬೇಡ. ಕೊನೆಗೆ ಹೂವನ್ನು ತಿರುಗಿಸಿ ಬೆನ್ನು ನೋಡಿ. ಹಿಂದಿನ ಸಾಲಿನ ಎಸಳು ಮುಟ್ಟಿದರೆ ಬಿಗಿಯಾಗಿರಬೇಕು. ಮುಂದೆ ಇನ್ನೂ ಅರಳುತ್ತಿದ್ದು ಹಿಂದೆ ಆಗಲೇ ಕಂದಿ ಕಾಗದದಂತಾಗಿದ್ದರೆ ಅದು ಮನೆಯಲ್ಲಿ ಎರಡು ದಿನ ಬಾಳುವುದೂ ಕಷ್ಟ. ನರ್ಸರಿಯವರು ಗೊಣಗಿದರೆ ಗೊಣಗಲಿ.

ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಚೆಂಡಿನಂಥ ಬಾಲ್ ಜಾತಿಗಳು, ಅದಕ್ಕೂ ಚಿಕ್ಕದಾದ ಪಾಂಪಾನ್, ಮತ್ತೆ ತಾವರೆಯಂತೆ ಅಗಲ ಎಸಳಿನ ವಾಟರ್‌ಲಿಲಿ ಜಾತಿಗಳು. ಪಾಂಪಾನ್ ಅಂದರೆ ಎರಡು ಇಂಚಿನ ಒಳಗಿನ ಹೂ, ಜೇನುಗೂಡಿನ ಹಾಗೆ ಸುತ್ತಿಕೊಂಡ ಎಸಳು. ಹೆಸರು ಹಿಡಿದು ಕೇಳುವವರಿಗೆ ಹೇಳುವುದಾದರೆ ಕಡುಗೆಂಪು ಬಾಲ್ 'ಕಾರ್ನೆಲ್', ಸಾಲ್ಮನ್ ಬಣ್ಣದ 'ಜೋವಿ ವಿನ್ನಿ' ಎರಡೂ ನಂಬಿಕಸ್ತರು. ಹಾಲೆಂಡಿನ 'ಕರ್ಮ' ಹೆಸರಿನ ಸಾಲನ್ನು ಕಟ್ ಫ್ಲವರ್‌ಗೆಂದೇ ಬೆಳೆಸಿದ್ದು. ಆದರೆ ಇಲ್ಲಿಯ ಬಹಳಷ್ಟು ನರ್ಸರಿಗಳಲ್ಲಿ ಹೆಸರೇ ಇರುವುದಿಲ್ಲ. ಕೆಂಪು, ಹಳದಿ, ಬಿಳಿ, ಅಷ್ಟೇ. ಅದಕ್ಕೇ ಹೇಳಿದ್ದು, ಬೆರಳನ್ನು ನಂಬಿ.

'ಕೆಫೆ ಒ ಲೆ' ಬಗ್ಗೆ ಪ್ರತ್ಯೇಕ ಹೇಳಬೇಕು. 1967ರ ಹಳೇ ಜಾತಿ, ಕೆನೆಗೆ ಚೂರು ಗುಲಾಬಿ ಬೆರೆಸಿದ ಬಣ್ಣ, ತಾಟಿನಷ್ಟು ಹೂ. ಮದುವೆ ಫೋಟೋಗಳಲ್ಲಿ ನೋಡಿ ಎಲ್ಲರಿಗೂ ಇದೇ ಬೇಕು. ನಾನೂ ಒಮ್ಮೆ ಆಸೆಗೆ ಬಿದ್ದೆ. ಒಂದು ಮದುವೆಗೆ ಇದೇ ಥರದ ದೊಡ್ಡ ಹೂಗಳನ್ನು ಒಪ್ಪಿಕೊಂಡೆ. ಕೊಯ್ಯುವ ಹುಡುಗ ಬರುವುದು ತಡವಾಗಿ ಹನ್ನೊಂದು ಗಂಟೆ ಬಿಸಿಲಲ್ಲಿ ಕೊಯ್ದ. ಟೆಂಪೋದಲ್ಲಿ ಒಂದಕ್ಕೊಂದು ತಾಗಿ ಹಾಲ್ ಮುಟ್ಟುವಷ್ಟರಲ್ಲಿ ಎಸಳಿನ ಅಂಚೆಲ್ಲ ಕಂದು. ಸಂಜೆ ಆರತಕ್ಷತೆಗೆ ಮಂಟಪದ ಒಂದು ಬದಿಗೆ ಸೇವಂತಿಗೆ ತುಂಬಿಸಿ ಮಾನ ಉಳಿಸಿಕೊಂಡೆವು. ಹುಡುಗಿಯ ಅಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಬೇಜಾರಾಯಿತು. ಮುಂಬಯಿಯ ದಾದರ್‌ನ ಹೂ ಮಾರ್ಕೆಟ್ಟಿನಲ್ಲಾಗಲಿ ನಮ್ಮ ಪುಣೆಯ ಗುಲ್ಟೇಕಡಿಯಲ್ಲಾಗಲಿ ಝೆಂಡು (ಚೆಂಡುಹೂ), ಸೇವಂತಿಗೆ, ಗುಲಾಬಿ ರಾಶಿ ರಾಶಿ ಸಿಗುತ್ತದೆ. ಡೇಲಿಯಾ ಹುಡುಕಬೇಕು. ಪ್ರಯಾಣಕ್ಕೆ ಆಗದ ಹೂ ಅದು. ಹಾಗಾಗಿ ಮನೆಯಲ್ಲೇ ಬೆಳೆದವರಿಗೆ ಅದರ ಸುಖ.

ಕೊಯ್ಲು ಬೆಳಗ್ಗೆ ಬೇಗ, ಬಿಸಿಲು ಏರುವ ಮೊದಲು. ಗುಲಾಬಿಯಂತೆ ಮೊಗ್ಗು ಕೊಯ್ದರೆ ಡೇಲಿಯಾ ಒಳಗೆ ಅರಳುವುದಿಲ್ಲ. ಮುಕ್ಕಾಲು ಭಾಗ ಅರಳಿರಬೇಕು. ಕೊಯ್ದ ಕೂಡಲೇ ತುದಿಯನ್ನು ಬಿಸಿ ನೀರಿನಲ್ಲಿ ಒಂದು ತಾಸು ಇಡುವ ಪದ್ಧತಿ ಇದೆ. ಕುದಿಯುವ ನೀರಲ್ಲ, ಕೈ ಇಡಲಾಗದಷ್ಟು ಬಿಸಿ. ಮಾಡಿ, ನಷ್ಟವಿಲ್ಲ. ಆದರೆ ಮಧ್ಯಾಹ್ನ ಕೊಯ್ದ ಹೂವನ್ನು ಯಾವ ಬಿಸಿ ನೀರೂ ಉಳಿಸುವುದಿಲ್ಲ. ಒಳ್ಳೇ ಬಾಲ್ ಜಾತಿ ಐದು ದಿನ ಬಂದರೆ ಸಾರ್ಥಕ. ಎರಡು ವಾರ ಬರಬೇಕು ಅನ್ನುವವರು ಸೇವಂತಿಗೆ ಬೆಳೆಯಲಿ.

ಗಿಡದಲ್ಲೇ ನೋಡುವವರಿಗೆ ನಿಯಮ ಸಡಿಲ. ಆದರೂ ನನ್ನ ಮತ ಒಂಟಿ ಎಸಳಿನ ಜಾತಿಗಳಿಗೆ. ಒಂದೇ ಸಾಲು ಎಸಳು, ನಡುವೆ ಹಳದಿ ಕಣ್ಣು. "ಇದೇನ್ ಸಾರ್, ಕಾಡು ಹೂವಿನ ಥರ ಇದೆ" ಅಂತ ಬೆಂಗಳೂರಿನವರು ಮೂಗು ಮುರಿಯುತ್ತಾರೆ. ಜೇನ್ನೊಣ ಬರುವುದು ಇದಕ್ಕೇ. ದೊಡ್ಡ ಹೂಗಳಲ್ಲಿ ಅದಕ್ಕೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. 'ಬಿಷಪ್ ಆಫ್ ಲ್ಯಾಂಡಾಫ್' ಅಂತ 1924ರದ್ದೊಂದು ಇದೆ. ಎಸಳು ಒಂದೇ ಸಾಲಲ್ಲ, ಆದರೂ ನಡುವಿನ ಕಣ್ಣು ಕಾಣುತ್ತದೆ. ಎಲೆ ಕಪ್ಪು ಛಾಯೆ, ಹೂ ಬೆಂಕಿ ಕೆಂಪು. ಹೂ ಇಲ್ಲದಾಗಲೂ ಗಿಡ ಚೆಂದ.

ಮುಂಬಯಿಯವರಿಗೆ ನಾನು ದೊಡ್ಡ ಜಾತಿ ಕೊಡುವುದೇ ಇಲ್ಲ. ಅಲ್ಲಿ ರಾತ್ರಿಯೂ ಸೆಕೆ, ಗಾಳಿಯಲ್ಲಿ ನೀರು, ಬಾಲ್ಕನಿಗೆ ಅರ್ಧ ದಿನದ ಬಿಸಿಲು. ಒತ್ತಾದ ಹೂವಿನೊಳಗೆ ತೇವ ಕೂತು ಕೊಳೆಯುತ್ತದೆ. ಎಂಟು ಇಂಚಿನ ಕುಂಡಕ್ಕೆ ಹೊಂದುವ ಗಿಡ್ಡ ಜಾತಿ, ಬೀಜದಿಂದ ಬರುವ 'ಫಿಗಾರೊ' ಥರದ್ದು, ನವೆಂಬರ್‌ನಲ್ಲಿ ಇಟ್ಟು ಫೆಬ್ರವರಿಗೆ ಕೈ ಮುಗಿದುಬಿಡಿ. ಗೋವಾಕ್ಕೂ ಇದೇ ಮಾತು. ಅಲ್ಲಿ ಬಸವನಹುಳದ ಕಾಟ ಬೇರೆ. ಮಡಗಾಂವ್‌ನ ಗಿರಾಕಿಯೊಬ್ಬರು ರಾತ್ರಿ ಟಾರ್ಚ್ ಹಿಡಿದು ಹುಳ ಹೆಕ್ಕಿ ಉಪ್ಪುನೀರಿನ ಡಬ್ಬಕ್ಕೆ ಹಾಕುತ್ತಾರೆ. ಅದಕ್ಕಿಂತ ಒಳ್ಳೇ ಉಪಾಯ ನನಗೂ ಸಿಕ್ಕಿಲ್ಲ.

ಬೀಜದ ಮಾತು ಬಂತಲ್ಲ. ದೊಡ್ಡ ಹೂವಿನ ಬೀಜ ಹಾಕಿದರೆ ಅದೇ ಹೂ ಬರುತ್ತದೆ ಅನ್ನುವ ಆಸೆ ಬಿಡಿ. ಹೆಚ್ಚಿನ ಗಿಡಗಳಲ್ಲಿ ಕ್ರೋಮೋಸೋಮ್ ಎರಡು ಸೆಟ್. ತೋಟದ ಡೇಲಿಯಾದಲ್ಲಿ ಎಂಟು. ಪ್ರತಿ ಬೀಜವೂ ಒಂದು ಹೊಸ ಲಾಟರಿ. ಅದೇ ಹೂ ಬೇಕಾದರೆ ಗಡ್ಡೆ ಇಲ್ಲವೇ ಕಟಿಂಗ್. ಇನ್ನು ಆನ್‌ಲೈನಿನಲ್ಲಿ ನೀಲಿ ಡೇಲಿಯಾ ಬೀಜ ಅಂತ ಮಾರುತ್ತಾರೆ. ನೀಲಿ ಡೇಲಿಯಾ ಜಗತ್ತಿನಲ್ಲೇ ಇಲ್ಲ. ಸುಮ್ನೆ ದುಡ್ಡು ದಂಡ.

ಗಡ್ಡೆ ಕೊಳ್ಳುವಾಗಲೂ ಕುತ್ತಿಗೆಯೇ ಮುಖ್ಯ, ತಮಾಷೆ ನೋಡಿ. ಆಲೂಗಡ್ಡೆಯಂತೆ ಇದಕ್ಕೆ ಮೈಯೆಲ್ಲ ಕಣ್ಣಿಲ್ಲ. ಹಳೇ ಕಾಂಡಕ್ಕೆ ಅಂಟಿದ ಜಾಗದಲ್ಲಿ ಮಾತ್ರ ಮೊಳಕೆ ಬರುವುದು. ಗಡ್ಡೆ ಎಷ್ಟೇ ದಪ್ಪವಿರಲಿ, ಕುತ್ತಿಗೆ ಮುರಿದಿದ್ದರೆ ಅದು ಮಣ್ಣಲ್ಲಿ ಕೊಳೆಯಲು ಮಾತ್ರ ಲಾಯಕ್ಕು. ಪ್ಯಾಕೆಟ್ಟಿನಲ್ಲಿ ಚಿತ್ರ ನೋಡಿ ಕೊಳ್ಳುವವರು ಮೋಸ ಹೋಗುವುದು ಇಲ್ಲೇ.

ಗಿಡ ನಾಲ್ಕು ಜೊತೆ ಎಲೆ ಬಿಟ್ಟಾಗ ತುದಿ ಚಿವುಟಿ. ಕವಲು ಒಡೆಯುತ್ತದೆ, ತೊಟ್ಟು ಉದ್ದವಾಗುತ್ತದೆ. ದೊಡ್ಡ ಜಾತಿಯಾದರೆ ನಡುವಿನ ಮೊಗ್ಗು ಬಿಟ್ಟು ಪಕ್ಕದ ಎರಡನ್ನು ತೆಗೆಯಿರಿ. ಪಾಂಪಾನ್‌ಗೆ ಈ ಉಪಚಾರ ಬೇಡ. ಯೂರಿಯಾ ಕೈಬಿಡಿ, ಅದರಿಂದ ಎಲೆ ಸೊಂಪು, ಕುತ್ತಿಗೆ ಮೆತ್ತಗೆ.

ಕೋಥ್ರೂಡಿನ ಅಕ್ಕಾವ್ರು ಈ ಸಲ ಎರಡು ಕೆಂಪು ಬಾಲ್, ಒಂದು ಬಿಳಿ ಪಾಂಪಾನ್ ಒಯ್ದರು. ಹಳದಿಯದನ್ನೂ ಬಿಡಲಿಲ್ಲ. ಅತ್ತೆಗೆ ಅದೇ ಬೇಕಂತೆ. ಹೂ ಮುಗಿದು ಗಿಡ ಒಣಗಿದ ಮೇಲೆ ಅದರ ಗಡ್ಡೆಯನ್ನು ತೆಂಗಿನ ನಾರಿನ ಒಣ ಪುಡಿಯಲ್ಲಿ, ಅಂದರೆ ಕೋಕೋಪೀಟ್‌ನಲ್ಲಿ ಹುದುಗಿಸಿ ಅಡಿಗೆಮನೆಯ ಅಟ್ಟದ ಮೇಲೆ ಇಟ್ಟಿದ್ದರು. ಚೀಟಿ ಕಟ್ಟಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಹರಿದುಹೋಗುತ್ತದೆ ಅಂತ ನಾನು ಹೇಳಿದ್ದೆ. ಹಾಗಾಗಿ ಗಡ್ಡೆಯ ಮೇಲೇ ಮಾರ್ಕರ್‌ನಿಂದ ಬರೆದಿದ್ದರು: "ಅತ್ತಿಯವರದು". ಹೋದ ವಾರ ನಾನೇ ಹೋಗಿ ಅದನ್ನು ಹನ್ನೆರಡು ಇಂಚಿನ ಕುಂಡಕ್ಕೆ ಹಾಕಿ, ಮೊಳಕೆ ಬರುವ ಮೊದಲೇ ಕೋಲು ನೆಟ್ಟು ಬಂದೆ. ಆಮೇಲೆ ನೆಡಲು ಹೋದರೆ ಕೋಲು ಗಡ್ಡೆಗೇ ಚುಚ್ಚುತ್ತದೆ.