ಹಲ್ಲಿ ಹಿಕ್ಕೆಯ ಬಿಳಿ ತುದಿ

ಪುಸ್ತಕದ ಕಪಾಟು ಗುಡಿಸಿದಾಗಲೆಲ್ಲ ನನಗೆ ಹಲ್ಲಿ ಹಿಕ್ಕೆ ಸಿಗುತ್ತದೆ. ಅಕ್ಕಿಕಾಳಿನಷ್ಟು ಉದ್ದ, ಕಪ್ಪು ಬಣ್ಣ, ಒಂದು ತುದಿಗೆ ಮಾತ್ರ ಸುಣ್ಣ ಹಚ್ಚಿದ ಹಾಗೆ ಬಿಳಿ. ಆ ಬಿಳಿ ಇದೆಯಲ್ಲ, ಅದು ಹಿಕ್ಕೆಯೇ ಅಲ್ಲ. ಅದು ಹಲ್ಲಿಯ ಉಚ್ಚೆ!

ಹಸುವಿನದು ಸಗಣಿ, ಕುದುರೆಯದು ಲದ್ದಿ, ಮೇಕೆಯದು ಹಿಕ್ಕೆ. ಇಷ್ಟೆಲ್ಲ ಹೆಸರಿಟ್ಟ ನಾವು ಈ ಗಟ್ಟಿ ಉಚ್ಚೆಯನ್ನು ಮಾತ್ರ ಹಿಕ್ಕೆಯ ಲೆಕ್ಕಕ್ಕೇ ಸೇರಿಸಿಬಿಟ್ಟೆವು.

ತಿಂದದ್ದರಲ್ಲಿ ಅರಗದೆ ಉಳಿದದ್ದು ಹಿಂದಿನಿಂದ ಹೊರಬರುತ್ತದೆ, ಅದು ಸುಲಭದ ಕೆಲಸ. ಕಷ್ಟ ಇರುವುದು ಅರಗಿದ್ದರಲ್ಲಿ. ಮೈ ಪ್ರೋಟೀನನ್ನು ಒಡೆದಾಗ ಅದರಲ್ಲಿರುವ ಸಾರಜನಕ ಅಮೋನಿಯಾ ಆಗುತ್ತದೆ. ಅಮೋನಿಯಾ ವಿಷ. ರಕ್ತದಲ್ಲಿ ಸ್ವಲ್ಪ ಜಾಸ್ತಿಯಾದರೂ ಮಿದುಳು ಕೆಡುತ್ತದೆ. ಹಾಗಾಗಿ ಕೂಡಲೇ ಸಾಗಹಾಕಬೇಕು, ಇಲ್ಲವೇ ಅದರ ವಿಷ ಇಳಿಸಬೇಕು.

ಮೀನಿಗೆ ಈ ಚಿಂತೆ ಇಲ್ಲ. ಅದರ ಕಿವಿರುಗಳಿಂದಲೇ ಅಮೋನಿಯಾ ನೀರಿಗೆ ಸೋರಿಹೋಗುತ್ತದೆ. ಸುತ್ತ ಅಷ್ಟೊಂದು ನೀರಿರುವಾಗ ಬೇರೆ ಏರ್ಪಾಡು ಯಾಕೆ ಬೇಕು? ನೆಲದ ಮೇಲೆ ಈ ಐಷಾರಾಮ ನಡೆಯುವುದಿಲ್ಲ. ಒಂದು ಗ್ರಾಂ ಸಾರಜನಕವನ್ನು ಅಮೋನಿಯಾ ರೂಪದಲ್ಲಿ ಅಪಾಯವಿಲ್ಲದೆ ಹೊರಹಾಕಲು ಸುಮಾರು ಅರ್ಧ ಲೀಟರ್ ನೀರು ಬೇಕು. ಅದಕ್ಕೇ ನಮ್ಮ ಲಿವರ್ ಅದನ್ನು ಯೂರಿಯಾ ಮಾಡುತ್ತದೆ. ಹೌದು, ಗದ್ದೆಗೆ ಹಾಕುವ ಅದೇ ಯೂರಿಯಾ. ಆಗ 50 ಮಿಲಿಲೀಟರ್ ನೀರು ಸಾಕು. ಕಪ್ಪೆಯಂತೂ ಒಂದೇ ಜನ್ಮದಲ್ಲಿ ಎರಡೂ ದಾರಿ ಹಿಡಿಯುತ್ತದೆ. ನೀರಲ್ಲಿರುವ ಗೊದಮೊಟ್ಟೆ ಬಿಡುವುದು ಹೆಚ್ಚಾಗಿ ಅಮೋನಿಯಾ, ನೆಲ ಹತ್ತಿದ ಕಪ್ಪೆ ಬಿಡುವುದು ಯೂರಿಯಾ.

ಹಲ್ಲಿ, ಹಾವು, ಹಕ್ಕಿಗಳು ಇನ್ನೂ ಮುಂದೆ ಹೋದವು. ಅವು ಮಾಡುವುದು ಯೂರಿಕ್ ಆಮ್ಲ. ಇದು ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ, ಬಿಳಿ ಹಿಟ್ಟಿನ ಹಾಗೆ ತಳಕ್ಕಿಳಿಯುತ್ತದೆ. ಹತ್ತು ಮಿಲಿಲೀಟರ್ ನೀರಲ್ಲಿ ಕೆಲಸ ಮುಗಿಯಿತು. ಹಿಕ್ಕೆಗೂ ಉಚ್ಚೆಗೂ ಮೊಟ್ಟೆಗೂ ಅವುಗಳಿಗೆ ಇರುವುದು ಒಂದೇ ಬಾಗಿಲು. ಅದಕ್ಕೇ ಕಪ್ಪು ಬಿಳುಪು ಜೊತೆಯಾಗಿ ಬೀಳುತ್ತವೆ. ಯೂರಿಕ್ ಆಮ್ಲ ತಯಾರಿಸಲು ಮೈಗೆ ಜಾಸ್ತಿ ಶಕ್ತಿ ಬೇಕು ಅನ್ನುವುದೂ ನಿಜ. ನೀರು ಉಳಿಸಬೇಕಾದರೆ ಆ ಖರ್ಚು ಮಾಡಲೇಬೇಕು.

ಆದರೆ ನೀರಿನ ಉಳಿತಾಯ ಒಂದೇ ಕಾರಣ ಅಲ್ಲ. ನನಗೆ ಹೆಚ್ಚು ಇಷ್ಟವಾದ ಕಾರಣ ಮೊಟ್ಟೆಯೊಳಗಿದೆ. ಕೋಳಿಮರಿ 21 ದಿನ ಚಿಪ್ಪಿನೊಳಗೆ ಬಂದಿ. ಅಲ್ಲೇ ಊಟ, ಅಲ್ಲೇ ಉಚ್ಚೆ. ಕಪ್ಪೆಯ ಮೊಟ್ಟೆಯಾದರೆ ನೀರಲ್ಲಿರುತ್ತದೆ, ಕಸ ಲೋಳೆಯಿಂದ ಹೊರಗೆ ಸೋರುತ್ತದೆ. ಗಟ್ಟಿ ಚಿಪ್ಪಿನಿಂದ ಗಾಳಿ ಆಡುತ್ತದೆ, ಯೂರಿಯಾ ಆಚೆ ಹೋಗುವುದಿಲ್ಲ. ಕರಗುವ ಯೂರಿಯಾ ಆಗಿದ್ದರೆ ದಿನದಿನಕ್ಕೂ ಮರಿಯ ಸುತ್ತ ಏರುತ್ತಲೇ ಹೋಗುತ್ತಿತ್ತು. ಕರಗದ ಯೂರಿಕ್ ಆಮ್ಲ ಹಾಗಲ್ಲ. ಪುಟ್ಟ ಚೀಲವೊಂದರಲ್ಲಿ ಹರಳಾಗಿ ಸುಮ್ನೆ ಬಿದ್ದಿರುತ್ತದೆ. ಮರಿ ಚಿಪ್ಪು ಒಡೆದು ಹೊರಬರುವಾಗ ಕಸವನ್ನು ಅಲ್ಲೇ ಬಿಟ್ಟು ಬರುತ್ತದೆ.

ಹೀಗೆ ಕರಗದೆ ಉಳಿದ ಉಚ್ಚೆಗಾಗಿ ಯುದ್ಧವೂ ಆಗಿದೆ, ನಂಬ್ತೀರಾ? ಪೆರು ದೇಶದ ಚಿಂಚಾ ದ್ವೀಪಗಳಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಕಡಲ ಹಕ್ಕಿಗಳ ಹಿಕ್ಕೆ ಗುಡ್ಡದಂತೆ ರಾಶಿ ಬಿದ್ದಿತ್ತು. 19ನೇ ಶತಮಾನದಲ್ಲಿ ಅದನ್ನು ಹಡಗುಗಳಲ್ಲಿ ತುಂಬಿ ಗೊಬ್ಬರವಾಗಿ ಯುರೋಪಿಗೆ ಮಾರುತ್ತಿದ್ದರು. 1864ರಲ್ಲಿ ಸ್ಪೇನ್ ಆ ದ್ವೀಪಗಳನ್ನೇ ವಶಪಡಿಸಿಕೊಂಡಿತು.

ನನ್ನ ಕಪಾಟಿಗೆ ಅಷ್ಟು ಬೆಲೆ ಇಲ್ಲ. ಆದರೂ ಈಗ ಗುಡಿಸುವ ಮೊದಲು ಬಗ್ಗಿ ನೋಡುತ್ತೇನೆ. ಇಲಿ ನಮ್ಮ ಹಾಗೆ ಯೂರಿಯಾದ ಪಂಗಡ, ಅದರ ಹಿಕ್ಕೆಯಲ್ಲಿ ಬಿಳಿ ತುದಿ ಇರುವುದಿಲ್ಲ. ಬಿಳಿ ಕಂಡರೆ ಹಲ್ಲಿ, ಪೊರಕೆ ಸಾಕು. ಪೂರ್ತಿ ಕಪ್ಪಾಗಿದ್ದರೆ ಅಟ್ಟದಿಂದ ಬೋನು ಇಳಿಸಬೇಕು.