ರೋಮ್ ಮೇಯರ್ ಸಿನಿಮಾ ಸಂಘದ ಅಧ್ಯಕ್ಷರಾದ ದಾರಿ

ಮೊದಲು ರ‍್ಯಾಡಿಕಲ್ ಪಾರ್ಟಿ, ಆಮೇಲೆ ಗ್ರೀನ್ಸ್, ಮಾರ್ಗರೀಟಾ, ಡೆಮಾಕ್ರಟಿಕ್ ಪಾರ್ಟಿ, ಕೊನೆಗೆ ತಾವೇ ಕಟ್ಟಿದ ಪುಟ್ಟ ಪಕ್ಷ. ಇಟಲಿಯ ಫ್ರಾಂಚೆಸ್ಕೊ ರುತೆಲ್ಲಿ ಅವರ ರಾಜಕೀಯವನ್ನು ಪಕ್ಷಗಳ ಲೆಕ್ಕದಲ್ಲಿ ನೋಡಿದರೆ ತಲೆ ಕೆಡುತ್ತದೆ. ಮಾಡಿದ ಕೆಲಸ ನೋಡಿದರೆ ಅಷ್ಟು ಗೊಂದಲವಿಲ್ಲ.

1993ರಲ್ಲಿ ಅವರು ಪರಿಸರ ಸಚಿವರಾಗಿದ್ದದ್ದು ಒಂದೇ ದಿನ. ಭ್ರಷ್ಟಾಚಾರದ ಆರೋಪ ಹೊತ್ತ ಮಾಜಿ ಪ್ರಧಾನಿಯೊಬ್ಬರ ತನಿಖೆಗೆ ಸಂಸತ್ತು ಪೂರ್ತಿ ಒಪ್ಪಿಗೆ ಕೊಡಲಿಲ್ಲ ಅಂತ ರಾಜೀನಾಮೆ ಕೊಟ್ಟರು. ಅದೇ ಡಿಸೆಂಬರ್‌ನಲ್ಲಿ ರೋಮ್‌ನ ಜನ ಮೊದಲ ಸಲ ನೇರವಾಗಿ ಮೇಯರ್ ಆರಿಸಿದಾಗ ಗೆದ್ದವರು ಇವರೇ. 2000ದ ಜ್ಯುಬಿಲಿಗೆ, ಅಂದರೆ ಕ್ಯಾಥೊಲಿಕ್ಕರ ಪವಿತ್ರ ವರ್ಷಕ್ಕೆ, ಊರನ್ನು ಸಜ್ಜು ಮಾಡಿದರು. 2001ರಲ್ಲಿ ಪ್ರಧಾನಿ ಪಟ್ಟಕ್ಕೆ ನಿಂತು ಬೆರ್ಲುಸ್ಕೋನಿ ಎದುರು ಸೋತರು.

2006ರಲ್ಲಿ ರೊಮಾನೊ ಪ್ರೋದಿ ಪ್ರಧಾನಿಯಾದ ಸರ್ಕಾರ ಬಂತು. ರುತೆಲ್ಲಿಗೆ ಉಪಪ್ರಧಾನಿ ಸ್ಥಾನದ ಜೊತೆ ಸಂಸ್ಕೃತಿ ಖಾತೆ ಸಿಕ್ಕಿತು. ಅವರ ಬದುಕಿನಲ್ಲಿ ನಿಂತು ನೋಡಬೇಕಾದ ಕಾಲ ಇದು.

ನೆಲದಡಿ ಸಿಕ್ಕ ಪ್ರಾಚೀನ ವಸ್ತು ಸರ್ಕಾರದ್ದು ಅಂತ ಇಟಲಿಯಲ್ಲಿ ಹಳೆಯ ಕಾನೂನೇ ಇದೆ. ಆದರೂ ರಾತ್ರೋರಾತ್ರಿ ಗೋರಿ ಅಗೆದು ತೆಗೆದ ಮಾಲು ದಲ್ಲಾಳಿಗಳ ಕೈ ದಾಟಿ ಅಮೆರಿಕದ ಮ್ಯೂಸಿಯಂ ಸೇರುತ್ತಿತ್ತು. ಎಲ್ಲಿಂದ ಬಂತು ಅಂತ ಜಾಸ್ತಿ ಕೇಳದೆ ಕೊಳ್ಳುವುದು ಆಗಿನ ರೂಢಿ. 1995ರಲ್ಲಿ ಜಿನೀವಾದ ಒಂದು ಗೋದಾಮಿನ ಮೇಲೆ ದಾಳಿಯಾದಾಗ ಪೋಲರಾಯ್ಡ್ ಫೋಟೊಗಳ ರಾಶಿಯೇ ಸಿಕ್ಕಿತು. ಮಣ್ಣು ಮೆತ್ತಿಕೊಂಡು, ಚೂರಾಗಿ ಬಿದ್ದಿದ್ದ ವಸ್ತುಗಳ ಫೋಟೊಗಳವು. ಅದರಲ್ಲಿದ್ದ ಎಷ್ಟೋ ವಸ್ತುಗಳು ಆ ಹೊತ್ತಿಗೆ ಮ್ಯೂಸಿಯಂಗಳಲ್ಲಿ ಥಳಥಳಿಸುತ್ತಿದ್ದವು.

ಪುರಾವೆ ಇತ್ತು. ಆದರೆ ಕೋರ್ಟಿನ ದಾರಿ ತುಂಬಾ ಉದ್ದ. ಹಾಗಾಗಿ ಇಟಲಿ ಚೌಕಾಸಿಗೆ ಇಳಿಯಿತು. ನಮ್ಮದನ್ನು ವಾಪಸ್ ಕೊಡಿ, ಪ್ರದರ್ಶನಕ್ಕೆ ಬೇರೆ ಅಮೂಲ್ಯ ವಸ್ತುಗಳನ್ನು ಎರವಲು ಕೊಡುತ್ತೇವೆ; ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಜೊತೆಗಿನ ಒಪ್ಪಂದ ರುತೆಲ್ಲಿ ಬರುವ ಮೊದಲೇ ಆಗಿತ್ತು, ಆ ಶ್ರೇಯ ಹಿಂದಿನವರದು. ಇವರು ಪಟ್ಟು ಬಿಗಿ ಮಾಡಿದರು. 2006ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ ಮ್ಯೂಸಿಯಂ 13 ವಸ್ತು ಮರಳಿಸಿತು. ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂ ಜೊತೆ ಮಾತು ಮುರಿದಾಗ ಅವರು 2007ರ ಜುಲೈ ಕೊನೆಯ ಗಡುವು ಹಾಕಿದರು. ದಾಟಿದರೆ ಯಾವ ಸಹಕಾರವೂ ಇಲ್ಲ ಅಂದರು. ಆಗಸ್ಟ್ 1ರಂದು 40 ವಸ್ತುಗಳಿಗೆ ಒಪ್ಪಂದವಾಯಿತು. 1988ರಲ್ಲಿ ಗೆಟ್ಟಿ 1.8 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ, ಎರಡು ಮೀಟರಿಗೂ ಎತ್ತರದ ದೇವಿಯ ಪ್ರತಿಮೆಯೂ ಅದರಲ್ಲಿತ್ತು. 2011ರಿಂದ ಅದು ಸಿಸಿಲಿಯ ಐದೋನೆ ಎಂಬ ಸಣ್ಣ ಊರಿನಲ್ಲಿದೆ. ಇರಬೇಕಾದದ್ದೂ ಅಲ್ಲೇ ಅಲ್ವಾ? ಇಟಲಿಯ ಫಾನೊ ಎಂಬ ಊರಿನ ಹತ್ತಿರ ಸಮುದ್ರದಲ್ಲಿ ಸಿಕ್ಕ ಕಂಚಿನ ಪ್ರತಿಮೆಯನ್ನು ಮಾತ್ರ ಕೋರ್ಟಿಗೆ ಬಿಟ್ಟು ಒಪ್ಪಂದದಿಂದ ಹೊರಗಿಟ್ಟರು. 2024ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ವಿಷಯದಲ್ಲಿ ಇಟಲಿಯ ಪರ ತೀರ್ಪು ಕೊಟ್ಟಿತು.

2008ರಲ್ಲಿ ಮತ್ತೆ ಮೇಯರ್ ಆಗಲು ಹೋಗಿ ಸೋತರು. 2013ರಲ್ಲಿ ಸಂಸತ್ತು ಬಿಟ್ಟರು. 2016ರಲ್ಲಿ ಆನಿಕಾ ಎಂಬ ಸಿನಿಮಾ ಸಂಘದ ಅಧ್ಯಕ್ಷರಾದರು. 1944ರಲ್ಲಿ ಹುಟ್ಟಿದ ಈ ಸಂಘ ಇಟಲಿಯ ಸಿನಿಮಾ ನಿರ್ಮಾಪಕರು, ವಿತರಕರ ದನಿ. ಸಿನಿಮಾಕ್ಕೆ ವರ್ಷಕ್ಕೆ ಕನಿಷ್ಠ 40 ಕೋಟಿ ಯೂರೊ ಎತ್ತಿಡುವ ಹೊಸ ಕಾನೂನು ಬಂದದ್ದೂ ಅದೇ ವರ್ಷ.

ಹಿಂದೆ ಸರ್ಕಾರದ ಹಣ ಹಂಚುವ ಖಾತೆ ನಡೆಸಿದವರು ಆಗ ಆ ಹಣ ಕೇಳುವ ಉದ್ಯಮದ ಕಡೆ ಕೂತರು. ಇದು ಸರಿಯೇ ಅಂತ ಕೇಳುವುದು ನ್ಯಾಯ. ಆದರೆ ಖಾತೆ ಬಿಟ್ಟು ಎಂಟು ವರ್ಷವಾಗಿತ್ತು. ಸರ್ಕಾರ ಯಾವ ಮಾತಿಗೆ ಬಗ್ಗುತ್ತದೆ ಅಂತ ಗೊತ್ತಿದ್ದವರು ಉದ್ಯಮಕ್ಕೆ ಬೇಕಾಗಿದ್ದರು. 2020ರ ಅಕ್ಟೋಬರ್‌ನಿಂದ ಸುಮಾರು ಆರು ತಿಂಗಳು ದೇಶದ ಥಿಯೇಟರ್‌ಗಳೆಲ್ಲ ಮುಚ್ಚಿದಾಗ ಅಂಥವರ ಬೆಲೆ ಇನ್ನೂ ಹೆಚ್ಚಾಯಿತು.